ಮೂಗಿನೊಳಗಿನ ಬೂಷ್ಟು

ಶಿಲೀಂಧ್ರವೆಂಬುದು ಹಳೆಯ ಮಾತು, ಚೆಲುವಾದ ಮಾತು. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೂ ನೆಲದಿಂದ ಶಿಲೀಂಧ್ರಗಳು ತಲೆಯೆತ್ತುವುದಕ್ಕೂ ನಂಟು ಹೇಳಿದೆ. ಅಲ್ಲಿ ಅದು ನಾಯಿಕೊಡೆ. ಮಳೆಯ ಮತ್ತು ಬೆಳೆಯ ಶುಭಸೂಚನೆ. ಪಂಡಿತ ಪರೀಕ್ಷೆಗೆ ಓದಿದ ನನ್ನಂಥವರು ಆ ಮಾತನ್ನು ಹಾಗೆಯೇ ಕಲಿತವರು. 2021ರ ಮೇ ತಿಂಗಳಲ್ಲಿ ವಾರ್ತೆಗಳಲ್ಲಿ ದಿನವೂ ‘ಕಪ್ಪು ಶಿಲೀಂಧ್ರ’ ಎಂದು ಕೇಳಿಬರತೊಡಗಿದಾಗ ನಮ್ಮ ಓಣಿಯ ಹಿರಿಯರೊಬ್ಬರು, “ಮಾಸ್ತರ, ಇದ್ಯಾವ ಹೊಸಾ ಬ್ಯಾನಿರೀ? ಹೆಸರು ಮಾತ್ರ ಭಾಳ ಚಂದ ಐತಿ” ಎಂದರು. ಬೇನೆ ಹೊಸದಲ್ಲ. ವೈದ್ಯರು ಅದನ್ನು ಬರೆದಿಟ್ಟು ನೂರ ಮೂವತ್ತು ವರ್ಷಗಳಿಗೂ ಹೆಚ್ಚಾಗಿದೆ. ಅದರ ಇತಿಹಾಸ ನಮ್ಮ ನಾಡಿಗೂ ನಮ್ಮ ಮನೆಗಳಿಗೂ ತಾಕುವಂಥದು. ಆದುದರಿಂದ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ತೊಡಕನ್ನು ಬಿಡಿಸೋಣ. ‘ಕಪ್ಪು’ ಎಂಬ ವಿಶೇಷಣ ಈ ಬೂಷ್ಟಿಗೆ ಸಲ್ಲತಕ್ಕದ್ದಲ್ಲ. ಬೂಷ್ಟು ಎಳೆಯದಾಗಿದ್ದಾಗ ಹಿಂಜಿದ ಅರಳೆಯಂತೆ ಬೆಳ್ಳಗಿರುತ್ತದೆ, ಬಲಿತಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗುವುದು ಅದು ಹೊಕ್ಕ ಮನುಷ್ಯನ ಮಾಂಸ. ಕರ್ತೃವಿಗೆ ಹಚ್ಚಬಾರದ ಬಣ್ಣವನ್ನು ಕರ್ಮದಿಂದ ತೆಗೆದು ಹಚ್ಚಿದ ಹಾಗಾಯಿತು. ಜನ ಆ ಹೆಸರನ್ನು ಕೇಳಿ ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಹುಡಿಯನ್ನು ಕಂಡು ಹೆದರಿದರು. ಈರುಳ್ಳಿಯ ಕಪ್ಪು ಬೇರೆ ಜಾತಿಯ ಬೂಷ್ಟು, ಅದಕ್ಕೂ ಈ ಬೇನೆಗೂ ಸಂಬಂಧವಿಲ್ಲ. ವೈದ್ಯರು ಇಟ್ಟ ಹೆಸರು ಮ್ಯೂಕರ್‌ಮೈಕೋಸಿಸ್. ‘ಮ್ಯೂಕರ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬೂಷ್ಟು, ‘ಮೈಕೆಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಅಣಬೆ. ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಮಿಕೆಲಿ ಎಂಬಾತನು 1729ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಹೆಸರನ್ನು ಬಳಸಿದನು. ಬೂಷ್ಟಿನ ಹುಡಿಯನ್ನು ಕರಬೂಜದ ಹೋಳಿನ ಮೇಲೆ ಬಿತ್ತಿ, ಅದೇ ಜಾತಿಯ ಬೂಷ್ಟು ಮತ್ತೆ ಬೆಳೆಯುವುದನ್ನು ಅವನು ತೋರಿಸಿದನು. ಬೂಷ್ಟು ತಾನಾಗಿ ಹುಟ್ಟುವುದಿಲ್ಲ, ಅದಕ್ಕೂ ಬೀಜವುಂಟು ಎಂಬುದಕ್ಕೆ ಅದೊಂದು ಮೊದಲ ಸಾಕ್ಷಿ. ಇನ್ನೊಂದು ಬೂಷ್ಟಿಗೆ ಅವನೇ ಆಸ್ಪರ್ಜಿಲಸ್ ಎಂದು ಹೆಸರಿಟ್ಟನು. ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಸಾಧನದ ಆಕಾರ ಅದರದು. ಮೂಗಿನ ರೋಗದ ಕಥೆಯಲ್ಲಿ ಈ ಎರಡು ಹೆಸರುಗಳೂ ಬರುತ್ತವೆ.

ಈ ಬೀಜ ಎಲ್ಲಿರುತ್ತದೆ? ಎಲ್ಲಿಲ್ಲ ಎಂದು ಕೇಳುವುದು ಲೇಸು. ಗಂಗಾವತಿಯ ಕಡೆಯಿಂದ ಸಾಣಾಪುರ, ಆನೆಗುಂದಿಗಳ ಹಾದಿ ಹಿಡಿದವರು ವಿರೂಪಾಪುರಗಡ್ಡೆಯನ್ನು ಬಲ್ಲರು. ತುಂಗಭದ್ರೆ ಎರಡು ಕವಲಾಗಿ ಸುತ್ತುವರಿದ ನೆಲ ಅದು; ಎದುರಿಗೆ ಹೊಳೆಯಾಚೆ ಹಂಪಿಯ ವಿರೂಪಾಕ್ಷನ ಗೋಪುರ. ಅಲ್ಲಿ ಎದ್ದಿದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರ ಮಾರ್ಚ್ ತಿಂಗಳಲ್ಲಿ ಕೆಡವಿದರು. ಆ ಸೀಮೆಯಲ್ಲಿ ಭತ್ತದ ಗದ್ದೆ, ಬಾಳೆಯ ತೋಟ ಮೊದಲಿನಿಂದಲೂ ಉಂಟು. ನೆನೆದ ಭತ್ತದ ಹುಲ್ಲಿನ ಬಣವೆ, ಕೊಳೆತ ಬಾಳೆಹಣ್ಣು, ತಿಪ್ಪೆಯ ಗೊಬ್ಬರ, ಹೊಳೆದಂಡೆಯ ಮಣ್ಣು, ಎಲ್ಲದರಲ್ಲಿಯೂ ಈ ಬೂಷ್ಟಿನ ವಂಶ ಮನೆ ಮಾಡಿಕೊಂಡಿರುತ್ತದೆ. ರೋಗ ತರುವವುಗಳಲ್ಲಿ ಮುಖ್ಯವಾದ ಜಾತಿಗೆ ರೈಝೋಪಸ್ ಎಂದು ಹೆಸರು, ಎಂದರೆ ‘ಬೇರುಗಾಲು’. ಅದರಲ್ಲೊಂದನ್ನು ಬಹುಕಾಲ ‘ಒರೈಝೆ’, ಅಂದರೆ ‘ಅಕ್ಕಿಯದು’ ಎಂದೇ ಕರೆಯುತ್ತಿದ್ದರು. ಭತ್ತದ ಕಣಜವೆನಿಸಿದ ನಮ್ಮ ಸೀಮೆಯವರು ಈ ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಇದರ ದಾಯಾದಿಗಳನ್ನೇ ಬಳಸಿ ಜಾವಾ ದ್ವೀಪದವರು ಸೋಯಾ ಕಾಳನ್ನು ಹುದುಗೆಬ್ಬಿಸಿ ‘ಟೆಂಪೆ’ ಎಂಬ ಆಹಾರ ಮಾಡಿ ನಿತ್ಯ ಉಣ್ಣುತ್ತಾರೆ. ಗದ್ದೆಯಲ್ಲಿ ದುಡಿಯುವವರು, ತಿಪ್ಪೆ ತುಂಬುವವರು ದಿನವೂ ಇದರ ಹುಡಿಯನ್ನು ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತಾರೆ. ಅವರಿಗೆ ಏನೂ ಆಗುವುದಿಲ್ಲ. ಮನುಷ್ಯನ ರಕ್ತದ ಬಿಳಿಯ ಕಣಗಳು ಆ ಬೀಜವನ್ನು ಮೊಳೆಯುವುದಕ್ಕೆ ಮುಂಚೆಯೇ ತಿಂದುಹಾಕುತ್ತವೆ. ಆದುದರಿಂದ ಈ ರೋಗದ ಇತಿಹಾಸ ಬೂಷ್ಟಿನ ಇತಿಹಾಸವೆನ್ನುವುದಕ್ಕಿಂತ, ಕಾವಲು ತಪ್ಪಿದ ಮೈಯ ಇತಿಹಾಸವೆನ್ನುವುದು ಸರಿ.

ಮೂಗಿನ ಎರಡು ಪಕ್ಕದಲ್ಲಿ, ಕೆನ್ನೆಯ ಮೂಳೆಯೊಳಗೆ, ಹುಬ್ಬಿನ ಮೇಲೆ, ಕಣ್ಣುಗಳ ನಡುವೆ, ಇನ್ನೂ ಹಿಂದೆ ಮಿದುಳಿನ ತಳದಲ್ಲಿ ಗಾಳಿ ತುಂಬಿದ ಗೂಡುಗಳಿವೆ. ಇವನ್ನೇ ಸೈನಸ್ ಎನ್ನುವುದು. ಕೆನ್ನೆಯ ಗೂಡನ್ನು ಇಂಗ್ಲೆಂಡಿನ ಹೈಮೋರ್ ಎಂಬ ವೈದ್ಯನು 1651ರಲ್ಲಿ ವಿವರವಾಗಿ ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿತು. ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂಗಿನ ರೋಗಗಳು 31 ಎಂದು ಲೆಕ್ಕವಿದೆ. ಪೀನಸ, ಪೂತಿನಸ್ಯ, ಪ್ರತಿಶ್ಯಾಯ ಎಂಬ ಹೆಸರುಗಳು ನಮ್ಮ ಅಜ್ಜಿಯರ ಬಾಯಲ್ಲಿಯೂ ಇದ್ದುವು. ಅವುಗಳಲ್ಲಿ ಒಂದನ್ನು ಹೆಕ್ಕಿ ‘ಇದೇ ಅದು’ ಎಂದು ಸಾಧಿಸುವವರನ್ನು ನಾನು ಕಂಡಿದ್ದೇನೆ. ಅದು ಪಾಂಡಿತ್ಯವಲ್ಲ, ಹಟ. ಸೂಕ್ಷ್ಮದರ್ಶಕವಿಲ್ಲದೆ ಈ ರೋಗವನ್ನು ಬೇರೆ ಮಾಡಿ ಗುರುತಿಸುವ ದಾರಿಯೇ ಇರಲಿಲ್ಲ.

ಇಲ್ಲಿ ಗಮನಿಸಬೇಕಾದುದು ಈ ಗೂಡುಗಳ ನೆರೆಹೊರೆ. ಕಣ್ಣಿಗೂ ಗೂಡಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆಯ ಹಾಳೆ. ಕೆಳಗೆ ಮೇಲ್ದವಡೆಯ ಹಲ್ಲಿನ ಬೇರುಗಳು. ಹಿಂದೆ, ಮೇಲೆ ಮಿದುಳು. ಬೀಜ ಮೊಳೆತು ಎಳೆಯಾಯಿತೆಂದರೆ ಅದು ಮೂಳೆಯನ್ನು ಕೊರೆಯುವುದಕ್ಕಿಂತ ರಕ್ತನಾಳವನ್ನು ಹುಡುಕಿಕೊಂಡು ಹೋಗುತ್ತದೆ. ನಾಳದ ಗೋಡೆಯನ್ನು ಹೊಕ್ಕು ಅದರೊಳಗೆ ಬೆಳೆದು ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಕಾಲುವೆಯ ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗುವ ಹಾಗೆ, ಆ ನಾಳದಿಂದ ರಕ್ತ ಪಡೆಯುತ್ತಿದ್ದ ಮಾಂಸ ಸತ್ತು ಕಪ್ಪಾಗುತ್ತದೆ. ಸತ್ತ ಮಾಂಸದಲ್ಲಿ ಬೂಷ್ಟು ಇನ್ನೂ ಸೊಗಸಾಗಿ ಬೆಳೆಯುತ್ತದೆ. ನಾಳ ಮುಚ್ಚಿರುವುದರಿಂದ ನಾವು ಚುಚ್ಚಿದ ಔಷಧ ಅಲ್ಲಿಗೆ ತಲಪುವುದೇ ಇಲ್ಲ. ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ವೈದ್ಯರು ಯಾಕೆ ಅಷ್ಟು ನಿಷ್ಠುರವಾಗಿ ಕತ್ತಿ ಹಿಡಿದರು ಎಂಬುದು ತಾನೇ ತಿಳಿಯುತ್ತದೆ.

1885ರಲ್ಲಿ ಪಾಲ್ಟಾಫ್ ಎಂಬ ವೈದ್ಯನು ತೀರಿಹೋದ ರೋಗಿಯೊಬ್ಬನ ಅಂಗಗಳಲ್ಲಿ ಈ ಎಳೆಗಳನ್ನು ಕಂಡು ಜರ್ಮನ್ ಭಾಷೆಯಲ್ಲಿ ಬರೆದುದು ಈ ರೋಗದ ಮೊದಲ ಖಚಿತವಾದ ದಾಖಲೆಯೆಂದು ಎಣಿಸಲ್ಪಟ್ಟಿದೆ. ಆಮೇಲೆ ಬಹುಕಾಲ ಅದು ಅಪರೂಪದ ಸಂಗತಿಯಾಗಿ ಉಳಿಯಿತು. 1943ರಲ್ಲಿ ಅಮೆರಿಕದ ಗ್ರೆಗರಿ ಮತ್ತು ಅವರ ಜೊತೆಗಾರರು ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಮೂವರಿಗೂ ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿತ್ತು, ಕಣ್ಣು ಊದಿ ಮುಂದೆ ಬಂದಿತ್ತು, ಬೂಷ್ಟು ಮಿದುಳನ್ನು ಸೇರಿತ್ತು, ಮೂವರೂ ಉಳಿಯಲಿಲ್ಲ. ಮೂಗು, ಕಣ್ಣು, ಮಿದುಳು ಎಂಬ ದಾರಿ ಆ ಬರೆಹದಿಂದ ವೈದ್ಯಲೋಕಕ್ಕೆ ಸ್ಪಷ್ಟವಾಯಿತು.

ಸಕ್ಕರೆ ಕಾಯಿಲೆಗೂ ಬೂಷ್ಟಿಗೂ ಏನು ನಂಟು? ಸಕ್ಕರೆ ಮಿತಿಮೀರಿ ಇನ್ಸುಲಿನ್ ಸಾಲದೆ ಹೋದಾಗ ಮೈ ಕೊಬ್ಬನ್ನು ಉರಿಸಿ ಬದುಕತೊಡಗುತ್ತದೆ. ಅದರಿಂದ ಕೀಟೋನ್ ಎಂಬ ದ್ರವ್ಯಗಳು ಸೇರಿ ರಕ್ತ ಹುಳಿಯಾಗುತ್ತದೆ. ರಕ್ತದಲ್ಲಿರುವ ಕಬ್ಬಿಣವನ್ನು ಒಂದು ಬಗೆಯ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ರಕ್ತ ಹುಳಿಯಾದಾಗ ಆ ಹಿಡಿತ ಸಡಿಲುತ್ತದೆ. ಬೂಷ್ಟಿಗೆ ಬೆಳೆಯಲು ಕಬ್ಬಿಣ ಬೇಕೇ ಬೇಕು. ಇತ್ತ ಬಿಳಿಯ ರಕ್ತಕಣಗಳೂ ಸಕ್ಕರೆಯ ಪಾಕದಲ್ಲಿ ಮಂದವಾಗಿರುತ್ತವೆ. ಉಗ್ರಾಣದ ಬೀಗ ತೆರೆದು ಕಾವಲುಗಾರ ನಿದ್ದೆಹೋದರೆ ಕಳ್ಳನಿಗೆ ಇನ್ನೇನು ಬೇಕು! ಕಬ್ಬಿಣದ ಈ ಗುಟ್ಟು ಹೊರಬಿದ್ದುದು ಒಂದು ವಿಚಿತ್ರ ರೀತಿಯಿಂದ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಿಗೆ ಮೈಯಲ್ಲಿ ಹೆಚ್ಚಿದ ಲೋಹಗಳನ್ನು ಹೊರಹಾಕಲು ಒಂದು ಔಷಧ ಕೊಡುತ್ತಿದ್ದರು. 1980ರ ದಶಕದಲ್ಲಿ ಅವರಲ್ಲೇ ಈ ಬೂಷ್ಟಿನ ರೋಗ ಕಾಣಿಸತೊಡಗಿತು. ಆ ಔಷಧ ಕಬ್ಬಿಣವನ್ನು ರೋಗಿಯಿಂದ ಕಿತ್ತು ಬೂಷ್ಟಿನ ಬಾಯಿಗೆ ಇಡುತ್ತಿತ್ತೆಂದು ಆಮೇಲೆ ತಿಳಿಯಿತು.

ಈ ರೋಗ ಬಂದೂ ಬದುಕಿದ ಮೊದಲ ರೋಗಿಯ ವೃತ್ತಾಂತವನ್ನು ಹ್ಯಾರಿಸ್ ಎಂಬ ಅಮೆರಿಕದ ವೈದ್ಯರು ಪ್ರಕಟಿಸಿದ್ದು 1955ರಲ್ಲಿ. ಪಾಲ್ಟಾಫನ ಬರೆಹಕ್ಕೂ ಇದಕ್ಕೂ ನಡುವೆ 70 ವರ್ಷ! ಅದೇ ಹೊತ್ತಿಗೆ ಔಷಧದ ಕಥೆಯೂ ತಿರುವು ಪಡೆಯಿತು. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯದಲ್ಲಿ ದುಡಿದು, ಬೂಷ್ಟನ್ನು ಕೊಲ್ಲುವ ನಿಸ್ಟಾಟಿನ್ ಎಂಬ ಔಷಧವನ್ನು 1950ರಲ್ಲಿ ಲೋಕಕ್ಕೆ ತಿಳಿಸಿದರು. ತಮ್ಮ ರಾಜ್ಯದ ಹೆಸರನ್ನೇ ಅದಕ್ಕೆ ಇಟ್ಟರು. ಅದು ಬಾಯಿ ಮತ್ತು ಚರ್ಮದ ಬೂಷ್ಟಿಗೆ ಒದಗಿತು, ರಕ್ತಕ್ಕೆ ಚುಚ್ಚಲು ಬರುವಂತಿರಲಿಲ್ಲ. ಅದರ ಬೆನ್ನಲ್ಲೇ ಸ್ಕ್ವಿಬ್ ಸಂಸ್ಥೆಯ ಸಂಶೋಧಕರು ದಕ್ಷಿಣ ಅಮೆರಿಕದ ವೆನಿಜುವೆಲಾದಲ್ಲಿ ಒರಿನೋಕೋ ನದಿಯ ಸೀಮೆಯಿಂದ ತಂದ ಒಂದು ಹಿಡಿ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1950ರ ದಶಕದ ನಡುವಿನಲ್ಲಿ ಆಂಫೋಟೆರಿಸಿನ್ ಬಿ ಎಂಬುದನ್ನು ತೆಗೆದರು. ಆಮ್ಲದೊಡನೆ ಆಮ್ಲಕ್ಕೂ ಕ್ಷಾರದೊಡನೆ ಕ್ಷಾರಕ್ಕೂ ಹೊಂದಿಕೊಳ್ಳುವ ಎರಡು ಮೊಗದ ಗುಣವುಳ್ಳದ್ದೆಂದು ಆ ಹೆಸರು. ವಿಷವೂ ಮಣ್ಣಿನಲ್ಲಿ, ಮದ್ದೂ ಮಣ್ಣಿನಲ್ಲಿ. ಒಂದು ಹೊಳೆಯ ದಂಡೆಯ ಬೂಷ್ಟಿಗೆ ಇನ್ನೊಂದು ಹೊಳೆಯ ದಂಡೆಯ ಜೀವಿ ಉತ್ತರ ಹೇಳಿತು.

ಆದರೆ ಆ ಮದ್ದು ಸಾಧುವಾದ ಮದ್ದಲ್ಲ. ಬೂಷ್ಟಿನ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಜಿಡ್ಡಿದೆ. ಔಷಧ ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ, ಒಳಗಿನ ದ್ರವ್ಯ ಸೋರಿಹೋಗುತ್ತದೆ. ನಮ್ಮ ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಅದಕ್ಕೆ ದೂರದ ಬಂಧುವಾದುದರಿಂದ ಪೆಟ್ಟು ಸ್ವಲ್ಪ ನಮಗೂ ಬೀಳುತ್ತದೆ. ನಡುಕ, ಜ್ವರ, ವಾಂತಿ ಬರುತ್ತವೆ, ಪೊಟಾಸಿಯಂ ಇಳಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಮೂತ್ರಪಿಂಡ ಕೆಡುತ್ತದೆ. ಅಮೆರಿಕದ ವೈದ್ಯರು ಅದರ ಹೆಸರನ್ನೇ ತಿರುಚಿ ‘ಭಯಂಕರ’ವೆಂಬ ಅರ್ಥ ಬರುವಂತೆ ಕರೆದರಂತೆ. ಮುಂದೆ ಔಷಧವನ್ನು ಕೊಬ್ಬಿನ ಅತಿಸಣ್ಣ ಗುಳ್ಳೆಗಳಲ್ಲಿ ಅಡಗಿಸಿ ಕೊಡುವ ಉಪಾಯ ಬಂತು. ಲೈಪೋಸೋಮಲ್ ಎಂಬ ಆ ರೂಪ 1990ರಿಂದ ಯೂರೋಪಿನಲ್ಲಿ ಬಳಕೆಗೆ ಬಂದಿತು. ಮೂತ್ರಪಿಂಡಕ್ಕೆ ಆಗುವ ಕೇಡು ಕಡಮೆಯಾಯಿತು, ಬೆಲೆ ಏರಿತು. ತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಮಿನಂತೆ ಲೆಕ್ಕ ಹಾಕಿದರೆ 60 ಕಿಲೋ ತೂಗುವ ಮನುಷ್ಯನಿಗೆ ದಿನಕ್ಕೆ 300 ಮಿಲಿಗ್ರಾಂ ಬೇಕು. 50 ಮಿಲಿಗ್ರಾಮಿನ ಸೀಸೆಗಳು ದಿನಕ್ಕೆ ಆರು, ಅದೂ ವಾರಗಟ್ಟಲೆ. ಈ ಲೆಕ್ಕವನ್ನು ಓದುಗರು ನೆನಪಿಡಬೇಕು. 2021ರಲ್ಲಿ ಎಷ್ಟೋ ಮನೆಯವರು ನಿದ್ದೆಗೆಟ್ಟು ಹಾಕಿದ ಲೆಕ್ಕ ಇದೇ.

ಕತ್ತಿಯ ಕಥೆ ಮದ್ದಿನ ಕಥೆಗಿಂತ ಹಳೆಯದು. ಕೆನ್ನೆಯ ಗೂಡನ್ನು ಬಾಯೊಳಗಿನಿಂದ, ಮೇಲ್ದುಟಿಯ ಹಿಂದೆ ಕೊಯ್ದು ತೆರೆಯುವ ಕ್ರಮವನ್ನು ಅಮೆರಿಕದ ಕಾಲ್ಡ್‌ವೆಲ್ 1893ರಲ್ಲಿಯೂ ಫ್ರಾನ್ಸಿನ ಲುಕ್ 1897ರಲ್ಲಿಯೂ ಬೇರೆ ಬೇರೆಯಾಗಿ ಪ್ರಕಟಿಸಿದರು. ಮೂತ್ರಕೋಶವನ್ನು ನೋಡಲು ಮಾಡಿದ ನಳಿಕೆಯನ್ನೇ ಮಾರ್ಪಡಿಸಿ ಹಿರ್ಷ್‌ಮನ್ ಎಂಬ ಜರ್ಮನ್ ವೈದ್ಯ 1901ರಲ್ಲಿ ಮೂಗಿನೊಳಗೆ ಇಣುಕಿದನು. ಆಸ್ಟ್ರಿಯದ ಗ್ರಾಟ್ಸ್ ನಗರದ ಮೆಸರ್‌ಕ್ಲಿಂಗರ್ ಎಂಬವರು ಈ ಇಣುಕುವಿಕೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. 1970ರ ದಶಕದಿಂದ ಸಿ.ಟಿ. ಚಿತ್ರಗಳು ಬಂದ ಮೇಲೆ ಗೂಡಿನ ಗೋಡೆ ಎಲ್ಲಿ ಸವೆದಿದೆ, ಕಣ್ಣಿನ ಹಿಂದೆ ಎಷ್ಟು ದೂರ ಹೋಗಿದೆ ಎಂಬುದು ಕತ್ತಿ ಮುಟ್ಟುವ ಮೊದಲೇ ತಿಳಿಯುವಂತಾಯಿತು. ಈಗ ಮುಖದ ಮೇಲೆ ಗಾಯವಿಲ್ಲದೆ, ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್ ಹಾಕಿ ಕೊಳೆತುದನ್ನು ಕೆರೆದು ತೆಗೆಯುತ್ತಾರೆ. ಎಲ್ಲಿಯವರೆಗೆ? ರಕ್ತ ಒಸರುವ ಜೀವಂತ ಮಾಂಸ ಸಿಕ್ಕುವವರೆಗೆ. ರಕ್ತ ಬಾರದೆ ಇದ್ದರೆ ಅದು ಸತ್ತ ನೆಲ, ಅಲ್ಲಿಗೆ ಮದ್ದು ಹೋಗದು.

ರೋಗನಿರ್ಣಯದ ಮಾತನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕೆಂದಿದ್ದೇನೆ. ಇದು ದೊಡ್ಡ ಯಂತ್ರದ ಕೆಲಸವೆಂದು ಜನ ತಿಳಿದಿದ್ದಾರೆ. ಮೊದಲ ಉತ್ತರ ಕೊಡುವುದು ಬಹಳ ಸರಳವಾದ ಪರೀಕ್ಷೆ. ಮೂಗಿನೊಳಗಿನಿಂದ ಕಪ್ಪಾದ ಚೂರನ್ನು ಚಿವುಟಿ ಗಾಜಿನ ಹಲಗೆಯ ಮೇಲಿಟ್ಟು ಪೊಟಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಹನಿ ಹಾಕುತ್ತಾರೆ. ಮಾಂಸ ಕರಗುತ್ತದೆ, ಬೂಷ್ಟಿನ ಎಳೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮ್ಯೂಕರ್ ವಂಶದ ಎಳೆ ಅಗಲವಾದ ಲಾಡಿಯಂತೆ ಕಾಣುತ್ತದೆ. ಒಳಗೆ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಮೆ. ಕವಲು ಹೆಚ್ಚಾಗಿ ಮೂಲೆಮಟ್ಟದಂತೆ ನೆಟ್ಟಗೆ ಒಡೆದಿರುತ್ತದೆ. ಆಸ್ಪರ್ಜಿಲಸ್ಸಿನ ಎಳೆ ತೆಳು, ಬಿದಿರಿನ ಗಿಣ್ಣಿನಂತೆ ಅಡ್ಡಗೋಡೆಗಳುಂಟು, ಕವಲು ಓರೆ. ಅರ್ಧ ಗಂಟೆಯ ಕೆಲಸ. ಮದ್ದಿನ ಆಯ್ಕೆ ಇದರ ಮೇಲೆ ನಿಂತಿದೆ, ಏಕೆಂದರೆ ಆಸ್ಪರ್ಜಿಲಸ್ಸಿಗೆ ಕೊಡುವ ವೊರಿಕೊನಜೋಲ್ ಎಂಬ ಹೆಸರಾಂತ ಔಷಧ ಮ್ಯೂಕರಿಗೆ ನಾಟುವುದಿಲ್ಲ. ಅದೇ ಚೂರಿನ ಇನ್ನೊಂದು ಭಾಗವನ್ನು ಬಣ್ಣ ಕಟ್ಟಿ, ಎಳೆ ರಕ್ತನಾಳವನ್ನು ಹೊಕ್ಕಿದೆಯೇ ಎಂದು ಪರೀಕ್ಷಿಸುತ್ತಾರೆ. ಮೂರನೆಯ ಭಾಗವನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ: ಚೂರನ್ನು ಹೆಚ್ಚಬೇಕು, ಅರೆಯಬಾರದು. ಅಡ್ಡಗೋಡೆಯಿಲ್ಲದ ಎಳೆಯಾದುದರಿಂದ ಅರೆದರೆ ಒಳಗಿನ ಜೀವದ್ರವ್ಯವೆಲ್ಲ ಸೋರಿ ಬೂಷ್ಟು ಸಾಯುತ್ತದೆ, ತಟ್ಟೆಯಲ್ಲಿ ಏನೂ ಬೆಳೆಯದು. ಸರಿಯಾಗಿ ಇಟ್ಟರೆ ಕೆಲವೇ ದಿನಗಳಲ್ಲಿ ತಟ್ಟೆ ತುಂಬಿ ಮುಚ್ಚಳವನ್ನೇ ಎತ್ತುವಷ್ಟು ಬೆಳೆಯುತ್ತದೆ. ಆ ಬೆಳೆಯನ್ನು ಕಾಯುತ್ತ ಕೂರುವ ಹಾಗಿಲ್ಲ. ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಇಂಥ ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದರು. ಆಂಫೋಟೆರಿಸಿನ್ ಶುರುಮಾಡಲು ಆರು ದಿನ ಇಲ್ಲವೆ ಹೆಚ್ಚು ತಡವಾದವರಲ್ಲಿ ಹನ್ನೆರಡು ವಾರದೊಳಗೆ ನೂರಕ್ಕೆ ಸುಮಾರು 83 ಮಂದಿ ತೀರಿಕೊಂಡರು. ಬೇಗ ಶುರುಮಾಡಿದವರಲ್ಲಿ ನೂರಕ್ಕೆ ಸುಮಾರು 49.

ನಮ್ಮ ದೇಶದ ಲೆಕ್ಕವನ್ನು ಇಟ್ಟವರು ಮುಖ್ಯವಾಗಿ ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯ ಅರುಣಾಲೋಕ ಚಕ್ರವರ್ತಿ ಮತ್ತು ಅವರ ಸಂಗಡಿಗರು. ಅವರ ಆಸ್ಪತ್ರೆಯಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ 129 ರೋಗಿಗಳು ಕಂಡಿದ್ದರು. 2000ರಿಂದ 2004ರವರೆಗಿನ ಐದೇ ವರ್ಷಗಳಲ್ಲಿ 178 ಮಂದಿ ಬಂದರು. 2019ರಲ್ಲಿ ದೇಶದ 12 ಆಸ್ಪತ್ರೆಗಳ 465 ರೋಗಿಗಳ ವರದಿ ಹೊರಬಂತು. ಅವರಲ್ಲಿ ನೂರಕ್ಕೆ 73ಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ. ಮೂರರಲ್ಲಿ ಎರಡು ಪಾಲಿನವರಿಗೆ ರೋಗ ಮೂಗು ಮತ್ತು ಕಣ್ಣಿನದು. ಮೂರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಕೊರೋನಾ ಕಾಲಿಡುವುದಕ್ಕೆ ಮುಂಚಿನ ಮಾತಿದು. ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಬೂಷ್ಟು ಮೂಗಿಗೆ ಬಂದ ಮೇಲೆಯೇ ಗೊತ್ತಾದವರೂ ನಮ್ಮ ದೇಶದಲ್ಲಿ ಅನೇಕರು.

ಇನ್ನೊಂದು ನಿಧಾನವಾದ ರೂಪವೂ ಉಂಟು. ಅದು ಹೆಚ್ಚಾಗಿ ಆಸ್ಪರ್ಜಿಲಸ್ಸಿನದು. ನಮ್ಮ ಕಡೆ ಹೊಳೆಯ ನಡುವಿನ ನೆಲಕ್ಕೂ ಗಡ್ಡೆ ಎನ್ನುತ್ತಾರೆ, ಮೈಯಲ್ಲಿ ಎದ್ದ ಗಂಟಿಗೂ ಗಡ್ಡೆ ಎನ್ನುತ್ತಾರೆ. ಈ ರೂಪದಲ್ಲಿ ಕಣ್ಣಿನ ಹಿಂದೆ, ಕೆನ್ನೆಯೊಳಗೆ ನೋವಿಲ್ಲದ ಗಡ್ಡೆ ತಿಂಗಳುಗಟ್ಟಲೆ ಬೆಳೆದು ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ. ಸುಡಾನ್ ದೇಶದ ವೈದ್ಯರು 1960ರ ದಶಕದ ಕೊನೆಯಲ್ಲಿ ಇದನ್ನು ವರ್ಣಿಸಿದರು. ಭಾರತದಲ್ಲಿಯೂ ಇದು ಕಾಣುತ್ತದೆ. ಸಕ್ಕರೆ ಕಾಯಿಲೆಯಿಲ್ಲದ ಗಟ್ಟಿಮುಟ್ಟಾದವರಿಗೂ ಬರುತ್ತದೆ. ಕ್ಯಾನ್ಸರೆಂದು ಹೆದರಿ ಕುಳಿತವರಿಗೆ ಒಂದು ಚೂರು ಮಾಂಸದ ಪರೀಕ್ಷೆಯಿಂದ ಬೇರೆ ಉತ್ತರ ಸಿಕ್ಕಬಹುದು.

ಈಗ 2021ಕ್ಕೆ ಬರೋಣ. ಅದರ ಹಿಂದಿನ ವರ್ಷ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ವೈದ್ಯರು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧ, ಆಮ್ಲಜನಕ ಬೇಕಾಗುವಷ್ಟು ಕೊರೋನಾ ಬಲಿತವರ ಸಾವನ್ನು ತಗ್ಗಿಸುತ್ತದೆಂದು ತೋರಿಸಿದ್ದರು. ಅಳತೆ ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನದವರೆಗೆ ಎಂದು ಹೇಳಿದ್ದರು. ಆಮ್ಲಜನಕ ಬೇಡದವರಿಗೆ ಇದರಿಂದ ಲಾಭವಿಲ್ಲವೆಂದೂ ಅದೇ ಅಧ್ಯಯನ ಹೇಳಿತ್ತು. ಆ ಎರಡನೆಯ ಮಾತು ಎಷ್ಟೋ ಕಡೆ ಕಿವಿಗೆ ಬೀಳಲಿಲ್ಲ. ಚೀಟಿಗಳು ಮೊಬೈಲಿನಲ್ಲಿ ಊರಿಂದೂರಿಗೆ ಹಾರಿದುವು. ಮನೆಯಲ್ಲೇ ಇದ್ದವರು ಆ ಮಾತ್ರೆಗಳನ್ನು ನುಂಗಿದರು. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಬಿಳಿಯ ಕಣಗಳನ್ನು ಮಲಗಿಸುತ್ತದೆ; ಕೊರೋನಾ ತಾನೇ ಸಕ್ಕರೆಯನ್ನು ಕೆಡಿಸುತ್ತದೆ. ಮೂರೂ ಕೂಡಿದುವು. ದೇಶದಲ್ಲಿ ಜುಲೈ ತಿಂಗಳ ನಡುವಿನ ಹೊತ್ತಿಗೆ 45 ಸಾವಿರಕ್ಕೂ ಹೆಚ್ಚು ಮಂದಿಗೆ ಬೂಷ್ಟಿನ ರೋಗ ಬಂದು, 4,300ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಕರ್ನಾಟಕದ ಪಾಲು ಮೂರು ಸಾವಿರಕ್ಕಿಂತ ಮೇಲೆ.

ಮೇ ತಿಂಗಳಲ್ಲಿ ರಾಜ್ಯ ಸರಕಾರ ಈ ರೋಗವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಸಾರಿತು. ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗ ತೆರೆದರು. ಮೈಸೂರು, ಶಿವಮೊಗ್ಗ, ಕಲಬುರಗಿ, ಹುಬ್ಬಳ್ಳಿ, ಮಂಗಳೂರು, ಮಣಿಪಾಲಗಳಲ್ಲಿಯೂ ಕೇಂದ್ರಗಳನ್ನು ಗೊತ್ತುಮಾಡಿದರು. ಗಂಗಾವತಿಯ ಕಡೆಯವರಿಗೆ ಹುಬ್ಬಳ್ಳಿಯೆಂದರೆ ಸುಮಾರು ನೂರೈವತ್ತು ಕಿಲೋಮೀಟರಿನ ದಾರಿ. ಬಸ್ಸುಗಳು ನಿಂತಿದ್ದ ಕಾಲ. ಆಂಫೋಟೆರಿಸಿನ್ ಅಂಗಡಿಯಲ್ಲಿ ಸಿಕ್ಕುತ್ತಿರಲಿಲ್ಲ. ಕೇಂದ್ರ ಸರಕಾರ ರೋಗಿಗಳ ಸಂಖ್ಯೆ ನೋಡಿ ರಾಜ್ಯ ರಾಜ್ಯಕ್ಕೆ ಹಂಚುತ್ತಿತ್ತು. ದಿನಕ್ಕೆ ಆರು ಸೀಸೆ ಬೇಕಾದವರಿಗೆ ಎರಡೋ ಮೂರೋ ಸಿಕ್ಕಿದ ದಿನಗಳುಂಟು. ಕೊಳೆತುದನ್ನು ಕೆರೆದು ತೆಗೆಯುವ ಕಿವಿ ಮೂಗು ಗಂಟಲಿನ ವೈದ್ಯರು, ಕಣ್ಣಿನವರು, ದಂತವೈದ್ಯರು, ಸಕ್ಕರೆ ನೋಡುವವರು, ಸೂಕ್ಷ್ಮದರ್ಶಕದ ಮುಂದೆ ಕೂತವರು ಎಲ್ಲರೂ ಒಂದೇ ರೋಗಿಯ ಸುತ್ತ ಸೇರಬೇಕಾಯಿತು. ಕಣ್ಣು ಉಳಿಸುವುದಕ್ಕೆಂದು ಕಣ್ಣಿನ ಹಿಂಭಾಗಕ್ಕೇ ಔಷಧ ಚುಚ್ಚುವ ಕ್ರಮವನ್ನೂ ಆಗ ಹಲವೆಡೆ ಅನುಸರಿಸಿದರು.

ಆಗ ಹಬ್ಬಿದ ಗಾಳಿಮಾತುಗಳಿಗೆ ಮಿತಿಯಿಲ್ಲ. ಬಿಳಿಯ ಶಿಲೀಂಧ್ರ, ಹಳದಿ ಶಿಲೀಂಧ್ರ ಎಂದು ದಿನಕ್ಕೊಂದು ಬಣ್ಣ ಬಂತು. ಎಲ್ಲಕ್ಕಿಂತ ಕೇಡು ಮಾಡಿದ್ದು ಇದು ಮುಟ್ಟಿದರೆ ಅಂಟುತ್ತದೆಂಬ ಮಾತು. ಒಬ್ಬರಿಂದೊಬ್ಬರಿಗೆ ಈ ರೋಗ ಹರಡುವುದಿಲ್ಲ. ಆದರೂ ಮನೆಗೆ ಬಂದ ರೋಗಿಯ ತಾಟು, ಲೋಟ ಬೇರೆ ಇಟ್ಟವರನ್ನು ಕಂಡಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯ ಮಾತನ್ನು ಇಲ್ಲಿ ಹೇಳಬಹುದು. ಬಾಳೆಯ ತೋಟ ಮಾಡಿಕೊಂಡಿದ್ದವರು, ಐವತ್ತೆಂಟರ ವಯಸ್ಸು. ಕೊರೋನಾದಿಂದ ಎದ್ದು ಎರಡು ವಾರಕ್ಕೆ ಎಡಗೆನ್ನೆ ಜೋಮು ಹಿಡಿಯಿತು, ಮೇಲಿನ ಎರಡು ಹಲ್ಲು ಅಲುಗಾಡಿದುವು. ವಯಸ್ಸಾಯಿತು, ಹಲ್ಲು ಹೋಗುವ ಕಾಲ ಎಂದು ಲವಂಗ ಇಟ್ಟುಕೊಂಡು ನಾಲ್ಕು ದಿನ ಕಳೆದರು. ಮಗ ಫೋನು ಮಾಡಿ, “ಸರ್, ಅಪ್ಪಾರ ಮೂಗಿನಾಗ ಕಂದು ನೀರು ಬರಾಕತ್ತೈತ್ರಿ” ಎಂದ. ಹಲ್ಲಿನ ವೈದ್ಯರು ಅಂಗಳು ನೋಡಿ, ಅಲ್ಲಿ ಕಪ್ಪು ಮಚ್ಚೆ ಕಂಡು, ಹಲ್ಲಿಗೆ ಕೈ ಹಚ್ಚದೆ ಆ ಸಂಜೆಯೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಕ್ಕರೆ 400 ದಾಟಿತ್ತು. ತಮಗೆ ಆ ಕಾಯಿಲೆ ಇದೆಯೆಂದು ಅವರಿಗೆ ತಿಳಿದೇ ಇರಲಿಲ್ಲ. ಎಡದ ಮೇಲ್ದವಡೆಯನ್ನು ತೆಗೆಯಬೇಕೆಂದಾಗ ಸಹಿ ಹಾಕುವುದಕ್ಕೆ ಮನೆಯವರು ಒಂದು ಇರುಳು ಹಿಂದೆಮುಂದೆ ನೋಡಿದರು. ಮುಖ ಹೋದ ಮೇಲೆ ಬದುಕಿ ಏನು ಎಂದು ರೋಗಿಯೇ ಕೇಳಿದರಂತೆ. ಕೊನೆಗೆ ಸಹಿ ಬಿತ್ತು. ಕಣ್ಣು ಉಳಿಯಿತು, ಜೀವ ಉಳಿಯಿತು.

ಯಾವ ಗುರುತುಗಳಿಗೆ ಕೂಡಲೇ ಹೊರಡಬೇಕೆಂದು ಓದುಗರು ಕೇಳಬಹುದು. ಸಕ್ಕರೆ ಕಾಯಿಲೆಯವರಿಗೆ, ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಕ್ಯಾನ್ಸರಿನ ಮದ್ದು ನಡೆದಿರುವವರಿಗೆ ಒಂದೇ ಪಕ್ಕದಲ್ಲಿ ಮೂಗು ಕಟ್ಟಿ ಕಂದು ಅಥವಾ ಕಪ್ಪು ಸ್ರಾವ ಬಂದರೆ, ಕೆನ್ನೆ ಜೋಮು ಹಿಡಿದರೆ, ಗಟ್ಟಿಯಿದ್ದ ಹಲ್ಲು ಕಾರಣವಿಲ್ಲದೆ ಅಲುಗಿದರೆ, ಕಣ್ಣಿನ ಸುತ್ತ ಊದಿ ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಅಂಗಳಲ್ಲಿ ಕಪ್ಪು ಮಚ್ಚೆ ಕಂಡರೆ, ಹಬೆ ತೆಗೆದುಕೊಳ್ಳುತ್ತ ಕೂರತಕ್ಕ ಸಮಯವಲ್ಲ. ಶೀತದಿಂದ ಕಟ್ಟಿದ ಮೂಗು ಸಾಮಾನ್ಯವಾಗಿ ಎರಡೂ ಪಕ್ಕ ಕಟ್ಟುತ್ತದೆ, ವಾರದಲ್ಲಿ ಬಿಡುತ್ತದೆ. ಅದಕ್ಕೆಲ್ಲ ಹೆದರಿ ಹುಬ್ಬಳ್ಳಿಗೆ ಓಡಬೇಕಾದುದಿಲ್ಲ. ಆಂಫೋಟೆರಿಸಿನ್ ಮುಗಿದ ಮೇಲೆ ಪೊಸಕೊನಜೋಲ್ ಎಂಬ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ. ಗುಣವಾಯಿತೆಂದು ನಡುವೆ ಬಿಟ್ಟು ಮತ್ತೆ ಆಸ್ಪತ್ರೆ ಸೇರಿದವರಿದ್ದಾರೆ.

ದವಡೆ ಹೋದವರಿಗೆ ಬಾಯಿಗೂ ಮೂಗಿಗೂ ನಡುವೆ ಗೋಡೆಯಿಲ್ಲದಂತಾಗುತ್ತದೆ. ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಅನುನಾಸಿಕವಾಗಿ ಒಡೆಯುತ್ತದೆ. ದಂತವೈದ್ಯರು ಆ ತೆರಪನ್ನು ಮುಚ್ಚುವ, ಹಲ್ಲುಗಳನ್ನೂ ಕೂರಿಸಿದ ಒಂದು ಹಲಗೆಯನ್ನು ಅಚ್ಚು ತೆಗೆದು ಮಾಡಿಕೊಡುತ್ತಾರೆ. ಮೇಲೆ ಹೇಳಿದ ತೋಟದ ಯಜಮಾನರಿಗೆ ಅದು ಸಿದ್ಧವಾಗಲು ಕೆಲವು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅವರು ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ಈಗ ಅದನ್ನು ಬೆಳಿಗ್ಗೆ ತೊಳೆದು ಇಟ್ಟುಕೊಂಡು, ಸಕ್ಕರೆ ಅಳೆಯುವ ಯಂತ್ರದಲ್ಲಿ ಬೆರಳು ಚುಚ್ಚಿ ನೋಡಿ, ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾರೆ. ಪವರ್ಗದ ಅಕ್ಷರಗಳು ಮಾತ್ರ ಇನ್ನೂ ಸ್ವಲ್ಪ ಜಾರುತ್ತವೆ.